ಎರಡನೆಯ ಬ್ರೇಕು

ಮೊನ್ನೆ ಶನಿವಾರ ಶಿಕಾಗೋ ಕಡೆಯ ಓಕ್ ಬ್ರೂಕ್ ಹತ್ತಿರದ ದಿನಸಿ ಅಂಗಡಿಯೊಂದರ ಬಾಗಿಲಲ್ಲಿ ನಿಂತು ನಾನು ನನ್ನ ಜೊತೆಗೇ ಜಗಳವಾಡಿದೆ. ಈ ಅಂಗಡಿಯಲ್ಲಿ ತಳ್ಳುಗಾಡಿ ಬೇಕೆಂದರೆ ಅದರ ಹಿಡಿಯಲ್ಲಿರುವ ಸಣ್ಣ ಬಾಯಿಗೆ ಒಂದು ಕ್ವಾರ್ಟರ್, ಅಂದರೆ ನಮ್ಮ ಹಳೆಯ ನಾಲ್ಕಾಣೆಯಂಥ ನಾಣ್ಯ, ತುರುಕಬೇಕು. ಸಾಮಾನು ತೆಗೆದುಕೊಂಡು ಗಾಡಿಯನ್ನು ವಾಪಸ್ ತಂದು ಸಿಕ್ಕಿಸಿದರೆ ನಾಣ್ಯವೂ ವಾಪಸ್. ಕಳೆದುಕೊಳ್ಳುವುದು ಏನೂ ಇಲ್ಲ. ಬ್ಯಾಗಿನ ತಳದಲ್ಲಿ ಕೈಯಾಡಿಸಿದೆ. ಮಗುವಿನ ಒಂಟಿ ಕಾಲುಚೀಲ, ಎಂದೋ ಒಣಗಿದ ವೆಟ್ ವೈಪ್ಸ್, ಅರ್ಧ ಕಡಿದ ಬಿಸ್ಕತ್ತು, ಎಲ್ಲದರ ಕೆಳಗೆ ಒಂದೇ ಒಂದು ಕ್ವಾರ್ಟರ್ ಸಿಕ್ಕಿತು. ಹೊರಗೆ ತೆಗೆದು ನೋಡಿದರೆ ಅದೇ ನಾಣ್ಯ. ಅದರ ಮೇಲಿರುವ ಅಧ್ಯಕ್ಷರ ಕೂದಲಿನ ಗೆರೆಗಳಲ್ಲಿ ಇನ್ನೂ ಕುಂಕುಮ ಉಳಿದಿದೆ.

ಹಾಕೇ ಮಹರಾಯ್ತಿ, ಹತ್ತು ನಿಮಿಷಕ್ಕೆ ವಾಪಸ್ ಬರುತ್ತೆ ಎಂದು ಬುದ್ಧಿ ಹೇಳಿತು. ಕೈ ಕೇಳಲಿಲ್ಲ. ಗಾಡಿಯೇ ಬೇಡವೆಂದು ಒಳಗೆ ಹೋಗಿ ಒಂದು ಗ್ಯಾಲನ್ ಹಾಲು, ಬ್ರೆಡ್ಡು, ಡಯಾಪರ್ ಕಟ್ಟು, ಮೇಲೊಂದು ಬಲೆಚೀಲದ ಈರುಳ್ಳಿ, ಎಲ್ಲವನ್ನೂ ಎದೆಗವಚಿಕೊಂಡು ಹೊರಬಂದೆ. ಬಾಗಿಲಲ್ಲಿ ರಾಶಿ ಹಾಕಿದ್ದ ಕಿತ್ತಳೆ ಬಣ್ಣದ ಕುಂಬಳಕಾಯಿಗಳ ಪಕ್ಕದಲ್ಲೇ ಬಲೆ ಹರಿಯಿತು. ಈರುಳ್ಳಿ ಪಾರ್ಕಿಂಗ್ ಲಾಟಿನ ತುಂಬ ಉರುಳಿದವು. ಎಂಟು ಈರುಳ್ಳಿ ಹುಡುಕಿಕೊಟ್ಟ ಪುಣ್ಯಾತ್ಮರೊಬ್ಬರು ನನ್ನನ್ನು ಪಾಪದವಳೆಂದುಕೊಂಡು ತಮ್ಮ ಜೇಬಿನಿಂದ ಒಂದು ಕ್ವಾರ್ಟರ್ ಕೊಡಲು ಬಂದರು. "ಇದೆ, ನನ್ನ ಹತ್ರ ಇದೆ," ಎಂದು ತೋರಿಸಿದೆ. ಅವರು ನನ್ನ ಮುಖವನ್ನು ನೋಡಿದ ರೀತಿ ಇನ್ನೂ ನೆನಪಿದೆ.

ಇಷ್ಟು ಹೇಳಿ ಆ ನಾಣ್ಯದ ಕಥೆ ಹೇಳದಿದ್ದರೆ ನೀವು ಬಿಡುವವರಲ್ಲ. ಆದರೆ ಮೊದಲು ನಾನು ಇಲ್ಲಿ ಏನು ಮಾಡುತ್ತಿದ್ದೇನೆ ಎಂಬುದು ಗೊತ್ತಾಗಬೇಕಲ್ಲ. ನಾನು ಓ ಪೇರ್. ಗಾಬರಿಯಾಗಬೇಡಿ, ರೋಗವಲ್ಲ. ಪರದೇಶದ ಒಂದು ಕುಟುಂಬದಲ್ಲಿ ಮನೆಯವಳಂತೆ ಇದ್ದುಕೊಂಡು ಅವರ ಮಕ್ಕಳನ್ನು ನೋಡಿಕೊಳ್ಳುವುದು. ಅವರು ಕೋಣೆ, ಊಟ, ಕೈಖರ್ಚು ಕೊಡುತ್ತಾರೆ, ಕಾಲೇಜಿನಲ್ಲಿ ಒಂದೆರಡು ಪಾಠ ಕಲಿಯಲು ಕಳಿಸುತ್ತಾರೆ. ಮೈಸೂರಿನಲ್ಲಿ ಮೂರು ವರ್ಷ ಶಿಶುವಿಹಾರದ ಟೀಚರಾಗಿದ್ದವಳಿಗೆ ಇದು ಪರಮಾನಂದದ ಕೆಲಸವೆನಿಸಿತು. ಅಮ್ಮನಿಗೆ ಮಾತ್ರ ನೆಂಟರಿಗೆ ಹೇಗೆ ಹೇಳುವುದೆಂಬ ಚಿಂತೆ. ಮೊದಲು "ಚೈಲ್ಡ್ ಡೆವಲಪ್‌ಮೆಂಟಲ್ಲಿದಾಳೆ" ಎಂದಳು. ಆಮೇಲೆ ಬರೀ "ಡೆವಲಪ್‌ಮೆಂಟಲ್ಲಿದಾಳೆ" ಎಂದಳು. ಕೇಳಿದವರೆಲ್ಲ ಸಾಫ್ಟ್‌ವೇರ್ ಎಂದುಕೊಂಡರು. ಅಮ್ಮ ತಿದ್ದಲಿಲ್ಲ.

ಇಲ್ಲಿಯೂ ಅದೇ ಪಾಡು. ಮೊದಲ ವರ್ಷ ನಾನಿದ್ದದ್ದು ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ. ಮೊದಲ ಭಾನುವಾರವೇ ಪಕ್ಕದ ಊರಾದ ಟ್ರಾಯ್‌ನ ದೇವಸ್ಥಾನದ ಊಟದ ಹಾಲ್‌ನಲ್ಲಿ ವಸಂತಾ ಆಂಟಿ ಪರಿಚಯವಾದರು. ಅವರೂ ಮೈಸೂರಿನವರೇ, ಗಂಡ ಡಾಕ್ಟರು, ಇಲ್ಲಿಗೆ ಬಂದು ತಲೆ ನೆರೆತಿದೆ. ಪುಳಿಯೋಗರೆ ಬಡಿಸುತ್ತಾ ಕೇಳಿದರು.

"ಎಲ್ಲಿ ಕೆಲ್ಸಮ್ಮಾ? ಐಟಿನಾ?"

"ಇಲ್ಲ ಆಂಟಿ, ಓ ಪೇರ್."

"ಅದ್ಯಾವ ಕಂಪ್ನಿ?"

ವಿವರಿಸಿದೆ. ಅವರ ಸೌಟು ಗಾಳಿಯಲ್ಲೇ ನಿಂತಿತು. "ಅಯ್ಯೋ, ಇಷ್ಟು ದೂರ ಬಂದು ಆಯಾ ಕೆಲ್ಸಾನಾ?"

ನನಗೆ ಮೂಗಿನ ತುದಿಯಲ್ಲೇ ಕೋಪ. "ನಿಮ್ಮ ಮಕ್ಕಳು ಚಿಕ್ಕವರಿದ್ದಾಗ ಯಾರು ನೋಡ್ಕೋತಿದ್ರು ಆಂಟಿ?"

"ನಮ್ಮಮ್ಮ ಬಂದಿದ್ರು. ಆಮೇಲೆ ನಮ್ಮತ್ತೆ."

"ಅದು ಆಯಾ ಕೆಲ್ಸ ಅಂತ ಅವರಿಬ್ರಿಗೂ ಹೇಳಿದ್ರಾ?"

ಆಂಟಿ ಜೋರಾಗಿ ನಕ್ಕುಬಿಟ್ಟರು. "ಬಾಯಿ ಜೋರು ಕಣೇ ನಿಂದು! ತಗೋ, ಇನ್ನೊಂದು ಸೌಟು ಹಾಕಿಸ್ಕೋ," ಎಂದರು. ಅಂದಿನಿಂದ ಪ್ರತಿ ಭಾನುವಾರ ನನ್ನನ್ನು ಮನೆಯಿಂದ ಕಾರಿನಲ್ಲಿ ಕರೆದೊಯ್ಯುವುದು ಅವರದೇ ಜವಾಬ್ದಾರಿಯಾಯಿತು. ಏಕೆಂದರೆ ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅಥವಾ ಬರುತ್ತಿತ್ತು, ಆದರೆ ಮಿಷಿಗನ್ ರಾಜ್ಯ ಒಪ್ಪುವಂತೆ ಬರುತ್ತಿರಲಿಲ್ಲ.

ಇದು ಎಂಥ ಮಾನ ಹೋಗುವ ವಿಷಯವೆಂದು ನಿಮಗೆ ತಿಳಿಯಬೇಕಾದರೆ ನನ್ನ ಅಪ್ಪನ ಕಸುಬು ಹೇಳಬೇಕು. ಅಪ್ಪನದು ಮೈಸೂರಿನಲ್ಲಿ ಡ್ರೈವಿಂಗ್ ಸ್ಕೂಲು. ತಲೆಯ ಮೇಲೆ ಹಳದಿ ಬೋರ್ಡು ಹೊತ್ತ ಎರಡು ಕಾರು. ಊರಿನ ಅರ್ಧದಷ್ಟು ಡಾಕ್ಟರು, ಲಾಯರು, ಮೇಷ್ಟರುಗಳಿಗೆ ಕ್ಲಚ್ ಬಿಡುವುದನ್ನು ಕಲಿಸಿದ್ದು ಅಪ್ಪನೇ. ನೀವು ನೋಡಿರಬಹುದು, ಅಂಥ ಕಾರುಗಳಲ್ಲಿ ಕಲಿಸುವವರು ಕೂರುವ ಎಡಗಡೆಯಲ್ಲೂ ಒಂದು ಬ್ರೇಕು ಇರುತ್ತದೆ. ಅಪ್ಪ ಅದನ್ನು "ಎರಡನೇ ಬ್ರೇಕು" ಎನ್ನುತ್ತಿದ್ದ. ನಾನು ಕಲಿತದ್ದು ಅದೇ ಕಾರಿನಲ್ಲಿ. ನಾನು ಬ್ರೇಕ್ ಮೇಲೆ ಕಾಲಿಡುವ ಮೊದಲೇ ಕಾರು ನಿಂತಿರುತ್ತಿತ್ತು. ಎಷ್ಟೋ ದಿನ ನಾನು ಬಹಳ ಚೆನ್ನಾಗಿ ಬ್ರೇಕ್ ಹಾಕುತ್ತೇನೆ ಎಂದೇ ನಂಬಿದ್ದೆ.

ಲೈಸೆನ್ಸ್ ಬಂದಾಗ ಅಪ್ಪ ಒಂದು ಮಾತು ಹೇಳಿದ್ದ. "ಆರ್‌ಟಿಒದವರು ಕೊಡೋದು ಬರೀ ಕಾರ್ಡು ಪೂರ್ಣಿ. ನೀನು ಓಡಿಸ್ತಿರೋವಾಗ ಪಕ್ಕದಲ್ಲಿ ಕೂತೋರು ನಿದ್ದೆ ಹೋಗ್ತಾರಲ್ಲ, ಅವತ್ತು ಪಾಸು." ಅಪ್ಪ ಓಡಿಸಿದರೆ ಅಮ್ಮ ಮನೆಯ ಬೀದಿ ದಾಟುವ ಮೊದಲೇ ಗೊರಕೆ ಹೊಡೆಯುತ್ತಿದ್ದಳು. ನಾನು ಓಡಿಸಿದರೆ ಅದೇ ಅಮ್ಮ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ವಿಷ್ಣು ಸಹಸ್ರನಾಮ ಶುರು ಮಾಡುತ್ತಿದ್ದಳು. ಆ ಲೆಕ್ಕದಲ್ಲಿ ನಾನು ಎಂದೂ ಪಾಸಾಗಿರಲಿಲ್ಲ.

ನಮ್ಮ ಮನೆಯ ನಿಜವಾದ ಹಬ್ಬ ಆಯುಧಪೂಜೆ. ಮೈಸೂರಿಗೆಲ್ಲ ಅರಮನೆ ದೀಪ ನೋಡುವ ಸಂಭ್ರಮವಾದರೆ ನಮಗೆ ಆ ಎರಡು ಕಾರು ತೊಳೆಯುವ ಸಂಭ್ರಮ. ಬಾನೆಟ್ಟಿಗೆ ಸೇವಂತಿಗೆ ಹಾರ, ಬಂಪರಿಗೆ ಬಾಳೆಕಂದು, ಚಕ್ರದಡಿಗೆ ನಿಂಬೆಹಣ್ಣು. ಬೂದುಗುಂಬಳಕಾಯಿಯ ತಲೆಯಲ್ಲಿ ತೂತು ಕೊರೆದು ಕುಂಕುಮ, ಚಿಲ್ಲರೆ ಕಾಸು ತುಂಬುವ ಕೆಲಸ ನನ್ನದು. ಮೊಣಕೈವರೆಗೂ ಕೆಂಪು. ಅಪ್ಪ ಅದರ ಮೇಲೆ ಕರ್ಪೂರ ಹಚ್ಚಿ ಗಾಡಿಗಳಿಗೆ ಮೂರು ಸುತ್ತು ನಿವಾಳಿಸಿ ಬೀದಿಯಲ್ಲಿ ಢಬ್ಬೆಂದು ಒಡೆಯುತ್ತಿದ್ದ. ಬೀದಿಯ ಮಕ್ಕಳೆಲ್ಲ ಕಾಸಿಗೆ ಮುಗಿಬೀಳುತ್ತಿದ್ದರು. ನಾನೂ ಬೀಳುತ್ತಿದ್ದೆ. ನಾನೇ ತುಂಬಿದ ಕಾಸಿಗೆ ನಾನೇ ಕಿತ್ತಾಡುತ್ತಿದ್ದೆ ಎಂದರೆ ನೋಡಿ.

ಹೀಗೆ ಬೆಳೆದವಳು ಆಗಸ್ಟಿನ ಕೊನೆಗೆ ಸ್ಟರ್ಲಿಂಗ್ ಹೈಟ್ಸ್‌ನ ಜೆನ್ ಮತ್ತು ಮಾರ್ಕ್ ಮನೆಗೆ ಬಂದೆ. ಜೆನ್ ಆಸ್ಪತ್ರೆಯಲ್ಲಿ ನರ್ಸು, ಆಗ ಬಾಣಂತಿ ರಜೆಯಲ್ಲಿದ್ದಳು. ಮಾರ್ಕ್ ಕಾರು ಕಾರ್ಖಾನೆಯಲ್ಲಿ ಎಂಜಿನಿಯರು. ಬಾಗಿಲು ಮುಚ್ಚಿದಾಗ ಬರುವ ಸದ್ದು ಸರಿಯಾಗಿದೆಯೇ ಎಂದು ಕೇಳುವುದು ಅವನ ಕೆಲಸವಂತೆ. ಅಂಥ ಕೆಲಸಕ್ಕೂ ಸಂಬಳವಿದೆ ಎಂದರೆ ಅಪ್ಪ ಇವತ್ತಿಗೂ ನಂಬುವುದಿಲ್ಲ. ಮಕ್ಕಳು ಇಬ್ಬರು. ಕೂಸು ಲಿಲಿ, ಮತ್ತು ಆರು ವರ್ಷದ ಈಥನ್. ಮುಂದಿನ ಹಲ್ಲು ಬಿದ್ದಿದ್ದ, ಯಾವುದನ್ನೂ ಸುಮ್ಮನೆ ಒಪ್ಪದ ಹುಡುಗ. ಅವರೆಲ್ಲ ಮಾತಾಡುವುದು ಇಂಗ್ಲಿಷೇ ಆದರೂ ನನ್ನ ನೆನಪಿನಲ್ಲಿ ಎಲ್ಲರೂ ಮೈಸೂರು ಕನ್ನಡದಲ್ಲೇ ಮಾತಾಡುತ್ತಾರೆ. ಹಾಗೆಯೇ ಹೇಳುತ್ತೇನೆ.

ನವೆಂಬರಿಗೆ ಜೆನ್ ಕೆಲಸಕ್ಕೆ ಮರಳಬೇಕು. ಆಮೇಲೆ ಈಥನ್‌ನನ್ನು ಈಜಿಗೆ, ಲೈಬ್ರರಿಗೆ, ಲಿಲಿಯನ್ನು ಡಾಕ್ಟರ ಹತ್ತಿರಕ್ಕೆ ಕರೆದೊಯ್ಯುವವಳು ನಾನು. ಅಲ್ಲಿ ಕಾರಿಲ್ಲದೆ ಹಾಲೂ ಸಿಗುವುದಿಲ್ಲ. ಇನ್ಶೂರೆನ್ಸಿಗೆ ಮಿಷಿಗನ್ ಲೈಸೆನ್ಸೇ ಬೇಕು. "ನಮ್ಮಪ್ಪನದು ಡ್ರೈವಿಂಗ್ ಸ್ಕೂಲು," ಎಂದು ನಾನು ಇಂಟರ್‌ವ್ಯೂನಲ್ಲೇ ಕೊಚ್ಚಿಕೊಂಡಿದ್ದೆ. ಅವರು ನನ್ನನ್ನು ಆರಿಸಿದ್ದೂ ಅದಕ್ಕೇ ಎಂದು ಕಾಣುತ್ತದೆ.

ಮೊದಲ ದಿನವೇ ಬಲಗಡೆ ಬಾಗಿಲು ತೆರೆದು ಕೂತು, ಬೆಲ್ಟ್ ಹಾಕಿಕೊಂಡು, ಸ್ಟೀರಿಂಗಿಗೆ ಕೈಚಾಚಿದರೆ ಮುಂದೆ ಏನೂ ಇಲ್ಲ. ಇಲ್ಲಿ ಓಡಿಸುವವರು ಎಡಗಡೆ. ಕ್ಲಚ್ಚೇ ಇಲ್ಲದ್ದರಿಂದ ಎಡಗಾಲಿಗೆ ಕೆಲಸವೇ ಇಲ್ಲ. ಆ ಊರಿನ ದೊಡ್ಡ ರಸ್ತೆಗಳಲ್ಲಿ ಎಡಕ್ಕೆ ತಿರುಗಬೇಕೆಂದರೆ ಮೊದಲು ಮುಂದೆ ಹೋಗಿ ಯೂ ಟರ್ನ್ ಹೊಡೆದು ಬಂದು ಬಲಕ್ಕೆ ತಿರುಗಬೇಕು. ಮಾರ್ಕ್ ಪಕ್ಕದಲ್ಲಿ ಕೂತು ತಾಳ್ಮೆಯಿಂದ ಕಲಿಸಿದ. ಆದರೆ ಅವನ ಕಡೆ ಬ್ರೇಕ್ ಇರಲಿಲ್ಲ. ಪ್ರತಿ ಸಿಗ್ನಲ್ಲಿನಲ್ಲೂ ನಾನು ಒಂದು ಚೂರು ತಡವಾಗಿ ಬ್ರೇಕ್ ಹಾಕುತ್ತಿದ್ದೆ. ಯಾರ ಕಾಲಿಗೆ ಕಾಯುತ್ತಿದ್ದೆ ಎಂದು ನನಗೆ ಮಾತ್ರ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ಮೊದಲ ಟೆಸ್ಟು. ತಿರುವಿನಲ್ಲಿ ಅಪ್ಪ ಕಲಿಸಿದಂತೆ ಪೊಂಯ್ ಎಂದು ಹಾರ್ನ್ ಹೊಡೆದು, ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದೆ. ಅಲ್ಲಿ ಹಾರ್ನ್ ಹೊಡೆಯುವುದೆಂದರೆ ಮುಖಕ್ಕೆ ಬೈದ ಹಾಗೆ. ಮುಂದಿನ ಕಾರಿನವನು ಹೆದರಿ ಬದಿಗೆ ನಿಲ್ಲಿಸಿಬಿಟ್ಟ. ಪರೀಕ್ಷಕರು ಎರಡನ್ನೂ ಬರೆದುಕೊಂಡರು. ಫೇಲು.

ಅಂದು ಸಂಜೆ ಅಡುಗೆಮನೆಯ ಮೇಜಿನಲ್ಲಿ ಜೆನ್ ನನ್ನ ಕೈ ಹಿಡಿದುಕೊಂಡಳು. "ನೀನಂದ್ರೆ ನಮಗೆಲ್ಲ ಇಷ್ಟ ಪೂರ್ಣಿ. ಲಿಲಿ ನಿನ್ನ ಹೆಗಲ ಮೇಲೆ ಬಿಟ್ರೆ ಮಲಗೋದೇ ಇಲ್ಲ. ಆದ್ರೆ ನಾನು ಕೆಲಸಕ್ಕೆ ಹೋಗೋ ಹೊತ್ತಿಗೆ ನೀನು ಡ್ರೈವ್ ಮಾಡ್ಲೇಬೇಕು. ಇಲ್ಲಾಂದ್ರೆ ಏಜೆನ್ಸಿಯವರಿಗೆ ಹೇಳಿ ನಿನಗೆ ಬೇರೆ ಮನೆ, ನಮಗೆ ಬೇರೆಯೋರು. ಬೇರೆ ದಾರಿ ಇಲ್ಲ." ಬೈದಿದ್ದರೆ ವಾಸಿಯಿತ್ತು. ತಿರುಗಿ ಬೈಯಬಹುದಿತ್ತು. ಪ್ರೀತಿಯಿಂದ ಹೇಳಿದ್ದಕ್ಕೆ ಏನು ಮಾಡುವುದು? ಆ ಮಕ್ಕಳನ್ನು ಬಿಟ್ಟು ಹೋಗುವುದು ನನ್ನಿಂದ ಸಾಧ್ಯವಿರಲಿಲ್ಲ.

ಎರಡನೇ ಟೆಸ್ಟು ವಿಜಯದಶಮಿಯ ದಿನ ಬಿತ್ತು. ಅಪ್ಪನಿಗೆ ಖುಷಿಯೋ ಖುಷಿ. ಹಿಂದಿನ ದಿನ, ಆಯುಧಪೂಜೆಯ ಬೆಳಗ್ಗೆ, ಮೈಸೂರಿನಲ್ಲಿ ಸಂಜೆಯಾಗಿದ್ದಾಗ ವಿಡಿಯೋ ಕಾಲ್ ಮಾಡಿದ. ಹಿಂದೆ ಹಾರ ಹಾಕಿದ ಎರಡೂ ಕಾರು ಕಾಣುತ್ತಿದ್ದವು. "ಪೂಜೆ ಮಾಡದೆ ನಾಳೆ ಸ್ಟೀರಿಂಗ್ ಮುಟ್ಬೇಡ. ಕುಂಬಳಕಾಯಿ ಮರೀಬೇಡ. ಗಾಡಿಗೆ ಬೀಳೋ ಏಟನ್ನೆಲ್ಲ ಅದು ತಗೊಳುತ್ತೆ. ಮತ್ತೆ, ಹಾರ್ನ್ ಕಡೆ ಕೈ ಹೋಯ್ತೋ ಕಾಲು ಮುರೀತೀನಿ."

ವಸಂತಾ ಆಂಟಿಗೆ ಫೋನ್ ಮಾಡಿದೆ. "ಬೂದುಗುಂಬಳಕಾಯಿ ನಿನ್ನೇನೇ ಖಾಲಿ ಕಣೇ! ನಮ್ ಕಾರಿಗೂ ನಿಂಬೆಹಣ್ಣೇ ಗತಿ. ನಿಮ್ಮನೆ ಮುಂದೆ ಪಂಪ್ಕಿನ್ ಇಟ್ಟಿರ್ತಾರಲ್ಲ, ಅದೂ ಕುಂಬಳಕಾಯೇ ತಾನೇ? ಅಡ್ಜಸ್ಟ್ ಮಾಡ್ಕೋ."

ಅಕ್ಟೋಬರಿನಲ್ಲಿ ಆ ಸೀಮೆಯಲ್ಲಿ ಪ್ರತಿ ಮನೆಯ ಮುಂದೆಯೂ ಕುಂಬಳಕಾಯಿ, ಕುಂಡಗಳಲ್ಲಿ ಸೇವಂತಿಗೆ. ನೀವೇ ಹೇಳಿ, ಊರಿಗೆ ಊರೇ ಆಯುಧಪೂಜೆಗೆ ತಯಾರಾಗಿ ಕೂತಂತೆ ಕಾಣುವುದಿಲ್ಲವೇ? ನಮ್ಮ ಮೆಟ್ಟಿಲ ಮೇಲೂ ಸಾಲಾಗಿ ಐದಾರು ಇದ್ದವು. ಜೆನ್ ಸೋಫಾದ ಮೇಲೆ ಲಿಲಿಗೆ ಹಾಲು ಕುಡಿಸುತ್ತಾ ತೂಕಡಿಸುತ್ತಿದ್ದಳು. "ಒಂದು ಪಂಪ್ಕಿನ್, ನಾಲ್ಕು ಹೂವು ತಗೊಳ್ಲಾ?" ಎಂದೆ. "ಯಾವುದು ಬೇಕಾದ್ರೂ ತಗೋ," ಎಂದಳು. ಸೂಪ್ ಮಾಡುತ್ತೇನೆ ಎಂದುಕೊಂಡಳಂತೆ. ಚೆಂದದ ಗುಂಡು ಕಾಯಿಗಳನ್ನು ಹಾಳು ಮಾಡುವುದು ಬೇಡವೆಂದು, ಕೊನೆಯಲ್ಲಿದ್ದ ಸೊಟ್ಟಗಿನ, ಒಂದು ಕಡೆ ಹಸಿರೇ ಉಳಿದಿದ್ದ ಸಣ್ಣದೊಂದನ್ನು ಆರಿಸಿದೆ. ನನ್ನ ಒಳ್ಳೆಯತನಕ್ಕೆ ನಾನೇ ಮೆಚ್ಚಿಕೊಂಡೆ.

ಮಧ್ಯಾಹ್ನ ಡ್ರೈವ್‌ವೇನಲ್ಲಿ ಮಿನಿವ್ಯಾನಿಗೆ ಸ್ನಾನವಾಯಿತು. ಬಾನೆಟ್ಟಿಗೆ ಹಾರ, ಹೆಡ್‌ಲೈಟಿಗೆ ಕುಂಕುಮದ ಬೊಟ್ಟು. ಕಾಯಿಗೆ ತೂತು ಕೊರೆದು ಕುಂಕುಮದ ನೀರು, ಒಂದು ಕ್ವಾರ್ಟರ್ ಹಾಕಿದೆ. ಕರ್ಪೂರ ಹಚ್ಚಿ ಮೂರು ಸುತ್ತು ನಿವಾಳಿಸಿ, ಅಪ್ಪನನ್ನು ನೆನೆದು, ಎರಡೂ ಕೈಯಲ್ಲಿ ಮೇಲೆತ್ತಿ ಢಬ್ಬೆಂದು ಒಡೆದೆ. ಎಂಥ ಒಡೆತ ಅಂತೀರಿ! ಕೆಂಪು ತಿರುಳು ಮೇಲ್‌ಬಾಕ್ಸಿನವರೆಗೂ ಸಿಡಿಯಿತು. ಅದೇ ಹೊತ್ತಿಗೆ ಹಳದಿ ಸ್ಕೂಲ್ ಬಸ್ ಬಂದು ನಿಂತಿತು. ಈಥನ್ ಇಳಿದ. ಮೆಟ್ಟಿಲಿನ ಖಾಲಿ ಜಾಗ ನೋಡಿದ. ನೆಲ ನೋಡಿದ.

"ಅದು ನಂದು," ಎಂದ.

ಅದು ಅವನದೇ. ಅಂಗಡಿಯಿಂದ ತಂದದ್ದಲ್ಲ. ವಸಂತದಲ್ಲಿ ಹಿತ್ತಲಿನಲ್ಲಿ ಅವನೇ ಬೀಜ ನೆಟ್ಟು, ಬೇಸಿಗೆಯೆಲ್ಲ ನೀರು ಹಾಕಿ, ಬಳ್ಳಿಯಲ್ಲಿ ಉಳಿದ ಒಂದೇ ಒಂದು ಕಾಯಿ. ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬಕ್ಕೆ ಅದಕ್ಕೆ ತಾನೇ ಕಣ್ಣು ಬಾಯಿ ಕೊರೆಯಬೇಕೆಂದಿದ್ದ. ನಾನು ಬರುವ ಹೊತ್ತಿಗೆ ಬಳ್ಳಿ ಒಣಗಿ ಹೋಗಿತ್ತು, ಯಾರೂ ನನಗೆ ಹೇಳಿರಲಿಲ್ಲ. ಆ ದೇಶದಲ್ಲಿ ಇನ್ನೊಬ್ಬರ ಮನೆಯ ಪಂಪ್ಕಿನ್ ಒಡೆಯುವುದೆಂದರೆ ಪುಂಡರು ಮಾಡುವ ಕೆಲಸ ಎನ್ನುವುದೂ ಗೊತ್ತಿರಲಿಲ್ಲ. ಎದುರುಮನೆಯ ಅಜ್ಜ ಆಗಲೇ ಮಾರ್ಕ್‌ಗೆ ಫೋನ್ ಮಾಡಿ, ನಿಮ್ಮ ಹುಡುಗಿ ಅಂಗಳದಲ್ಲಿ ಏನನ್ನೋ ಕೊಂದಿದ್ದಾಳೆ ಎಂದು ವರದಿ ಕೊಟ್ಟಿದ್ದರು.

ಈಥನ್ ಚೀರಲಿಲ್ಲ. ಚೀರಿದ್ದರೆ ಸಮಾಧಾನ ಮಾಡಬಹುದಿತ್ತು. "ನಾನು ನಿನ್ನ ಕಾರಲ್ಲಿ ಯಾವತ್ತೂ ಕೂರಲ್ಲ," ಎಂದು ಹೇಳಿ ಒಳಗೆ ಹೋದ. ಜೆನ್ ಬಂದು ನೋಡಿ ಹಣೆ ಹಿಡಿದುಕೊಂಡಳು. ನಾನು ಅಳುತ್ತಾ ಹೇಳಿದ್ದನ್ನೆಲ್ಲ ಕೇಳಿದಳು. ಕೋಪಿಸಿಕೊಳ್ಳಲಿಲ್ಲ. "ನಾನೇ ಯಾವುದಾದ್ರೂ ತಗೋ ಅಂದೆನಲ್ಲ. ಆದ್ರೆ ಪೂರ್ಣಿ, ನಾಳೆ ನಿನಗೆ ಲೈಸೆನ್ಸ್ ಬಂದ್ರೂ ಅವನು ನಿನ್ನ ಜೊತೆ ಕೂರ್ಬೇಕಲ್ಲ," ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು.

ಪೊರಕೆ ತಂದು ಗುಡಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಈಥನ್ ಒಂದು ಬಟ್ಟಲು ಹಿಡಿದು ಬಂದ. ನನ್ನ ಕಡೆ ನೋಡಲಿಲ್ಲ. ಮಂಡಿಯೂರಿ ಕೆಂಪು ತಿರುಳಿನಿಂದ ಬೀಜಗಳನ್ನು ಒಂದೊಂದಾಗಿ ಹೆಕ್ಕಿದ. ಹೆಕ್ಕುತ್ತಾ ಹೆಕ್ಕುತ್ತಾ ಅವನ ಕೈಗೆ ನಾಣ್ಯ ಸಿಕ್ಕಿತು.

"ಇದರೊಳಗೆ ದುಡ್ಡು ಯಾಕಿದೆ?"

"ನಮ್ಮೂರಲ್ಲಿ ಹಾಕ್ತಾರೆ. ಯಾವ ಮಗುಗೆ ಸಿಗುತ್ತೋ ಅದಕ್ಕೆ."

"ಒಡೆಯೋದ್ಯಾಕೆ?"

"ಕಾರಿಗೆ ಬೀಳೋ ಏಟು ಅದಕ್ಕೆ ಬೀಳ್ಲಿ ಅಂತ. ನಿನಗೆ, ಲಿಲಿಗೆ ಏನೂ ಆಗ್ಬಾರ್ದು ಅಂತ. ನನಗೆ ಇಲ್ಲಿ ಎರಡನೇ ಬ್ರೇಕ್ ಇಲ್ವಲ್ಲ ಈಥನ್, ಅದಕ್ಕೆ ಭಯ."

ಅದೇನೆಂದು ಕೇಳಿದ. ಅಪ್ಪನ ಕಾರು, ಅಪ್ಪನ ಕಾಲು, ಎಲ್ಲ ಹೇಳಿದೆ. ಅಲ್ಲಿಯವರೆಗೆ ಆ ಭಯವನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಅವನು ಇನ್ನೆರಡು ಬೀಜ ಹೆಕ್ಕಿ ಬಟ್ಟಲಿಗೆ ಹಾಕಿದ. ಆಮೇಲೆ ನ್ಯಾಯಾಧೀಶನಂತೆ ತೀರ್ಪು ಕೊಟ್ಟ. "ನಾಳೆ ನೀನು ಫೇಲಾದ್ರೆ ನನ್ನ ಪಂಪ್ಕಿನ್ ಸುಮ್‌ಸುಮ್ನೆ ಸತ್ತ ಹಾಗೆ."

ಬೆಳಗ್ಗೆ ಬಸ್ ಹತ್ತುವ ಮೊದಲು ನನ್ನ ಕೈಗೆ ಆ ನಾಣ್ಯ ತುರುಕಿದ. "ಜೇಬಲ್ಲಿಟ್ಕೋ," ಎಂದ. ನಗಲಿಲ್ಲ.

ಪರೀಕ್ಷಕಿ ಈ ಸಲ ಒಬ್ಬ ಹೆಂಗಸು. ಕಾರಿಗೆ ಒಂದು ಸುತ್ತು ಬಂದು, ಹಾರ ನೋಡಿ, ಬೊಟ್ಟು ನೋಡಿ ಕೇಳಿದರು. "ಮದುವೆನಾ?"

"ಇಲ್ಲ ಮೇಡಂ, ಟೆಸ್ಟು."

ಕೈ ಕಿಟಕಿಯ ಕಡೆ ಹೋಗದಂತೆ, ಹೆಬ್ಬೆರಳು ಹಾರ್ನಿನ ಹತ್ತಿರ ಸುಳಿಯದಂತೆ ಮೈಯೆಲ್ಲ ಬಿಗಿಹಿಡಿದು ಹೊರಟೆ. ಎಲ್ಲ ಸರಿಹೋಗಿ ಇನ್ನೇನು ಮುಗಿಯಿತು ಎನ್ನುವಾಗ ಒಂದು ಅಳಿಲು ರಸ್ತೆಗೆ ಹಾರಿತು. ಅರ್ಧಕ್ಕೆ ಬಂದು ಅಲ್ಲೇ ನಿಂತು ನನ್ನನ್ನೇ ನೋಡಿತು. ಪಕ್ಕದಲ್ಲಿ ಅಪ್ಪನಿಲ್ಲ. ಪರೀಕ್ಷಕಿಯ ಕಾಲುಗಳು ಒಂದರ ಮೇಲೊಂದು ಆರಾಮಾಗಿವೆ. ಈ ಕಾರಿನಲ್ಲಿ ಬ್ರೇಕಿನ ಮೇಲೆ ಇಡಬಹುದಾದ ಕಾಲು ನನ್ನದೊಂದೇ ಎಂದು ಆ ಕ್ಷಣ ನನಗೆ ನಿಜವಾಗಿ ತಿಳಿಯಿತು. ಕನ್ನಡಿ ನೋಡಿದೆ, ಹಿಂದೆ ಯಾರೂ ಇರಲಿಲ್ಲ, ಬ್ರೇಕ್ ಒತ್ತಿದೆ. ಕಾರು ಹಾರದ ಒಂದು ಎಸಳೂ ಬೀಳದಂತೆ ನಿಂತಿತು. ಅಳಿಲು ಹೋಯಿತು. "ಪಾಸ್," ಎಂದರು ಪರೀಕ್ಷಕಿ. ನನಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು, ಅಪ್ಪಿಕೊಂಡೆ.

ಅಪ್ಪನಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ಕನ್ನಡಿ ನೋಡಿದ್ಯಾ?" "ನೋಡ್ದೆ." "ಇಂಡಿಕೇಟರ್?" "ಹಾಕ್ದೆ." "ಹಾರ್ನ್?" "ಮುಟ್ಲೇ ಇಲ್ಲ." "ಮತ್ತೆ ಪಾಸ್ ಮಾಡ್ದೆ ಏನ್ಮಾಡ್ತಾರೆ," ಎಂದ. ಫೋನ್ ಅಮ್ಮನ ಕೈಗೆ ಹೋಯಿತು. ನನ್ನ ಮಿಷಿಗನ್ ಲೈಸೆನ್ಸಿನ ಫೋಟೋವನ್ನು ದೊಡ್ಡದು ಮಾಡಿಸಿ ಅಪ್ಪ ಸ್ಕೂಲಿನ ಗೋಡೆಯ ಮೇಲೆ, ಚಾಮುಂಡಿ ತಾಯಿಯ ಪಟದ ಪಕ್ಕ ತೂಗುಹಾಕಿದ್ದಾನೆ. ದಿನಾ ಹೂವು ತರುವ ಹುಡುಗಿ ಒಂದು ದಿನ ಎರಡಕ್ಕೂ ಹಾರ ಹಾಕಿಬಿಟ್ಟಿದ್ದಳಂತೆ. "ಬದುಕಿರೋ ಮಗಳ ಫೋಟೋಗೆ ಹಾರ ಹಾಕ್ಸಿದೀರಲ್ರೀ!" ಎಂದು ಅಮ್ಮ ರಂಪ ಮಾಡಿದಳು.

ಟೆಸ್ಟಿನ ದಿನ ಸಂಜೆ ಈಥನ್ ವ್ಯಾನಿನ ಬಾಗಿಲ ಹತ್ತಿರ ನಿಂತ. "ಪಾಸಾ?" "ಪಾಸು." ನಾಣ್ಯ ವಾಪಸ್ ಕೇಳಿದ. ಅದನ್ನು ಗೇರಿನ ಪಕ್ಕದ ಕಪ್ ಹೋಲ್ಡರಿನಲ್ಲಿ ಇಟ್ಟ. "ಇದು ಇಲ್ಲೇ ಇರ್ಲಿ. ಕಾರಿಂದು," ಎಂದು ಹೇಳಿ ನನ್ನ ಹಿಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ. ಮೊದಲ ಕೆಂಪು ದೀಪ ಬಂತು. ನಾನು ಬ್ರೇಕ್ ಮೇಲೆ ಕಾಲಿಟ್ಟ ಕೂಡಲೇ ನನ್ನ ಬೆನ್ನಿಗೆ ಧಡ್ ಎಂದು ಒಂದು ಒದೆ.

"ಏನೋ ಅದು?"

"ಎರಡನೇ ಬ್ರೇಕ್," ಎಂದ.

ಆಮೇಲೆ ವರ್ಷವಿಡೀ, ಪ್ರತಿ ಸಿಗ್ನಲ್ಲು, ಪ್ರತಿ ಸ್ಟಾಪ್ ಸೈನು, ನನ್ನ ಬೆನ್ನಿಗೆ ಒಂದು ಒದೆ ಗ್ಯಾರಂಟಿ. ಹೊಸ ಬೂಟು ತಂದಾಗ ಸ್ವಲ್ಪ ಜೋರು, ಹಿಮ ಬಿದ್ದ ದಿನ ಎರಡೆರಡು. ಮಾರ್ಕ್ ನನ್ನ ಸೀಟಿನ ಹಿಂದೆ ದಪ್ಪನೆಯ ಹೊದಿಕೆ ಹಾಕಿಸುತ್ತೇನೆಂದ. ಬೇಡವೆಂದೆ. ಬೇಕೇ ಬೇಕಿತ್ತು ನನಗೆ ಆ ಒದೆ.

ಆ ವರ್ಷದ ಬಗ್ಗೆ ಸಂಕೋಚವಿಲ್ಲದೆ ಹೇಳುತ್ತೇನೆ, ನನಗೆ ಹೆಮ್ಮೆಯಿದೆ. ಸೊನ್ನೆಗಿಂತ ಕೆಳಗಿನ ಫ್ಯಾರನ್‌ಹೀಟಿನಲ್ಲಿ ಗಾಜಿನ ಮಂಜು ಕೆರೆದು, ಜ್ವರ ಬಂದ ಲಿಲಿಯನ್ನು ಡಾಕ್ಟರ ಹತ್ತಿರ ಕರೆದೊಯ್ದವಳು ನಾನು. ಅವಳು ಮೊದಲ ಹೆಜ್ಜೆಯಿಟ್ಟದ್ದು ನನ್ನ ಕಡೆಗೆ. ಈಥನ್ ತಡವರಿಸದೆ ಮೊದಲ ಪುಸ್ತಕ ಓದಿದ್ದು ಲೈಬ್ರರಿಯ ಪಾರ್ಕಿಂಗಿನಲ್ಲಿ, ನನಗೆ. ಹಿಮದಲ್ಲಿ ಓಡಿಸಲು ಹೆದರುವ ವಸಂತಾ ಆಂಟಿಯನ್ನು ಅವರದೇ ಕಾರಿನಲ್ಲಿ ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದವಳೂ ನಾನೇ. ಅಲ್ಲಿ ಹೊಸಬರೊಬ್ಬರು ನನ್ನ ಕೆಲಸ ಕೇಳಿ ಮೂಗು ಮುರಿದಾಗ ಆಂಟಿ ಸೌಟು ಕೆಳಗಿಟ್ಟು, "ನಿಮ್ಮ ಮಕ್ಕಳನ್ನ ಯಾರ್ರೀ ಬೆಳೆಸಿದ್ದು?" ಎಂದು ಶುರು ಮಾಡಿದರು. ನಾನು ಪುಳಿಯೋಗರೆ ತಿನ್ನುತ್ತಾ ಕೇಳಿಸಿಕೊಂಡೆ. ಊರಿನಲ್ಲಿ ಅಮ್ಮನೂ ಈಗ ನೆಂಟರಿಗೆ ಡೆವಲಪ್‌ಮೆಂಟ್ ಎನ್ನುವುದಿಲ್ಲ. "ಮಕ್ಕಳನ್ನ ನೋಡ್ಕೋತಾಳೆ. ಮಂಜಲ್ಲಿ ಕಾರು ಓಡಿಸ್ತಾಳೆ," ಎನ್ನುತ್ತಾಳೆ.

ವರ್ಷ ಮುಗಿಯುವ ಹೊತ್ತಿಗೆ ಜೆನ್‌ಳ ಅಮ್ಮ ಕೆಲಸದಿಂದ ನಿವೃತ್ತರಾಗಿ ಮೊಮ್ಮಕ್ಕಳ ಜೊತೆ ಇರಲು ಬಂದರು. ನನ್ನ ಎರಡನೆಯ ವರ್ಷಕ್ಕೆ ಶಿಕಾಗೋ ಪಕ್ಕದ ಓಕ್ ಬ್ರೂಕ್‌ನಲ್ಲಿ ಬೇರೆ ಮನೆ ಗೊತ್ತಾಯಿತು. ವಿಮಾನ ಬೇಡ, ನಾವೇ ಬಿಟ್ಟುಬರುತ್ತೇವೆ ಎಂದರು. ಹೊರಡುವ ಬೆಳಗ್ಗೆ ಮಾರ್ಕ್ ಕಾರಿನ ಕೀಲಿಯನ್ನು ನನ್ನ ಕೈಗಿಟ್ಟ. "ನೀನೇ ಓಡಿಸು."

ಮುನ್ನೂರು ಮೈಲಿ ಹತ್ತಿರದ ದಾರಿ. ಆನ್ ಆರ್ಬರ್ ದಾಟಿದರೂ ಈಥನ್ ತನ್ನ ಕೆಲಸ ಬಿಡಲಿಲ್ಲ. ಹೈವೇನಲ್ಲಿ ಸಿಗ್ನಲ್ ಇಲ್ಲದಿದ್ದರೂ ಅಭ್ಯಾಸ ತಪ್ಪಬಾರದೆಂದು ನಡುನಡುವೆ ಒದೆಯುತ್ತಿದ್ದ. ಕ್ಯಾಲಮಜೂನಲ್ಲಿ ಊಟ ಮಾಡಿ ಮತ್ತೆ ಹೊರಟೆವು. ಇಂಡಿಯಾನಾ ದಾಟಿ ಶಿಕಾಗೋ ಹತ್ತಿರವಾಗುತ್ತಿದ್ದಂತೆ ಎಡಕ್ಕೂ ಬಲಕ್ಕೂ ಲಾರಿಗಳು, ಮುಂದೆ ಒಮ್ಮೆಲೇ ಸಾಲುಸಾಲು ಕೆಂಪು ದೀಪ. ಮೆಲ್ಲಗೆ ಬ್ರೇಕ್ ಒತ್ತಿದೆ. ಬೆನ್ನನ್ನು ಸೀಟಿಗೆ ಕೊಟ್ಟು ಒದೆಗೆ ಕಾದೆ.

ಬರಲಿಲ್ಲ.

ಕನ್ನಡಿ ನೋಡಿದೆ. ಈಥನ್‌ನ ತಲೆ ಒಂದು ಕಡೆಗೆ ವಾಲಿತ್ತು. ಬೂಟಿನ ಕಾಲು ನನ್ನ ಸೀಟಿನಿಂದ ಜಾರಿ ಕೆಳಗೆ ತೂಗುತ್ತಿತ್ತು. ಲಿಲಿ ಬೆರಳು ಚೀಪುತ್ತಾ ನಿದ್ದೆ. ಅವಳ ಪಕ್ಕದಲ್ಲಿ ಜೆನ್ ಬಾಯಿ ತೆರೆದು ನಿದ್ದೆ. ನನ್ನ ಬಲಗಡೆ, ಬಾಗಿಲಿನ ಸಣ್ಣ ಸದ್ದಿಗೂ ಕಿವಿ ನಿಮಿರಿಸುವ ಮಾರ್ಕ್, ನಮ್ಮಮ್ಮನಂತೆಯೇ ಗೊರಕೆ ಹೊಡೆಯುತ್ತಿದ್ದ. ಇಡೀ ಕಾರಿನಲ್ಲಿ ಎಚ್ಚರವಿದ್ದವಳು ನಾನೊಬ್ಬಳೇ. ಕಣ್ಣು ಮಂಜಾಯಿತು. ಅಳಬಾರದು, ಗಾಡಿ ಓಡಿಸುತ್ತಿದ್ದೇನೆ ಎಂದು ಬೈದುಕೊಂಡೆ. "ಅಪ್ಪಾ, ಪಾಸು," ಎಂದು ಮೆಲ್ಲಗೆ ಹೇಳಿದೆ.

ಓಕ್ ಬ್ರೂಕ್‌ನ ಹೊಸ ಮನೆಯ ಮುಂದೆ ನಿಲ್ಲಿಸಿದೆ. ಎಂಜಿನ್ ಆಫ್ ಮಾಡಿದರೆ ಎಲ್ಲರೂ ಎದ್ದುಬಿಡುತ್ತಾರೆಂದು ಹಾಗೇ ಕೂತೆ. ಮೊದಲು ಎದ್ದದ್ದು ಈಥನ್. ಕಣ್ಣುಜ್ಜಿಕೊಂಡು ಹೊರಗೆ ನೋಡಿದ. ಅವನಿಗೆ ಗಾಬರಿಯಾಯಿತು.

"ನಾನು ಮಲಗಿಬಿಟ್ಟೆ! ಬ್ರೇಕ್ ಯಾರು ಹಾಕಿದ್ದು?"

"ನಾನೇ."

"ಎಲ್ಲಾ?"

"ಎಲ್ಲಾ."

ಬೆಲ್ಟ್ ಬಿಚ್ಚಿ, ಮುಂದೆ ಬಾಗಿ, ಕಪ್ ಹೋಲ್ಡರಿಗೆ ಕೈಹಾಕಿದ. ಕುಂಕುಮ ಮೆತ್ತಿದ ಆ ನಾಣ್ಯವನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ಹಾಗಾದ್ರೆ ಇದು ಇನ್ಮೇಲೆ ನಿಂದು," ಎಂದ.

ಇದನ್ನು ತಳ್ಳುಗಾಡಿಯ ಬಾಯಿಗೆ ತುರುಕಬೇಕಂತೆ. ಈರುಳ್ಳಿ ಬಿದ್ದರೆ ಬೀಳಲಿ ಬಿಡಿ.